ಬ್ರಾಂಕೊ ಕೊಳ್ಳುವ ಮುನ್ನ ಅದರಡಿ ಮಲಗಿ ನೋಡಿ

ಮಿಶಿಗನ್ನಿನ ಚಳಿಗಾಲ ಮುಗಿದು, ರಸ್ತೆಬದಿಯ ಹಿಮ ಕರಗಿ ಕೆಸರಾಗಿದ್ದ ಒಂದು ಶನಿವಾರ ಗೆಳೆಯನ ಜೊತೆ 1972ರ ಫೋರ್ಡ್ ಬ್ರಾಂಕೊ ನೋಡಲು ಹೋಗಿದ್ದೆ. ಶೆಡ್ಡಿನ ಬಾಗಿಲು ಸರಿಸಿದಾಗ ಒಳಗೆ ನಿಂತಿದ್ದದ್ದು ಕಡುನೀಲಿ ಮೈ, ಬಿಳಿ ಛಾವಣಿಯ, ಪೆಟ್ಟಿಗೆಯಂಥ ಗಾಡಿ. ಬಣ್ಣದಲ್ಲಿ ನಮ್ಮ ಮುಖ ಕಾಣುತ್ತಿತ್ತು. ಬಾನೆಟ್ ಎತ್ತಿದರೆ ಫೋರ್ಡ್‌ನವರದೇ ಈ ಕಾಲದ 5 ಲೀಟರ್ ವಿ8 ಎಂಜಿನ್, ಕಯೋಟಿ ಎಂದು ಅದರ ಅಡ್ಡಹೆಸರು. ಗೆಳೆಯನ ಕಣ್ಣು ಅಲ್ಲೇ ನೆಟ್ಟಿತು. ನಾನು ಜೇಬಿನಿಂದ ಸಣ್ಣದೊಂದು ಅಯಸ್ಕಾಂತ ತೆಗೆದು, ಬಣ್ಣಕ್ಕೆ ಗೀರು ಬೀಳದ ಹಾಗೆ ಕರವಸ್ತ್ರದಲ್ಲಿ ಸುತ್ತಿ, ಮೈಗೆ ಒತ್ತಿ ಹಿಂದಕ್ಕೆ ಸರಿಸುತ್ತ ಹೋದೆ. ಬಾಗಿಲ ಮೇಲೆ ಗಟ್ಟಿಯಾಗಿ ಕಚ್ಚಿಕೊಂಡಿದ್ದದ್ದು ಹಿಂಚಕ್ರದ ಕಮಾನಿನ ಹತ್ತಿರ ಬರುತ್ತಲೇ ಸಡಿಲವಾಗಿ, ಜಾರಿ ಅಂಗೈಗೆ ಬಿತ್ತು. ಅಲ್ಲಿ ಬಣ್ಣದ ಕೆಳಗಿದ್ದದ್ದು ತಗಡಲ್ಲ, ದಪ್ಪ ಪುಟ್ಟಿ.

ಜೀಪಿನ ಸಿಜೆ-5 ಮತ್ತು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಸ್ಕೌಟ್‌ಗಳಿಗೆ ಎದುರಾಗಿ ಫೋರ್ಡ್ ತಂದ ಗಾಡಿ ಬ್ರಾಂಕೊ. ಮಸ್ಟ್ಯಾಂಗ್ ಕಾರಿನ ಹಿಂದಿದ್ದ ಡೊನಾಲ್ಡ್ ಫ್ರೇ ಅವರೇ ಇದರ ಹಿಂದೆಯೂ ಇದ್ದರು. ಮಿಶಿಗನ್ನಿನ ವೇಯ್ನ್ ಊರಿನ ಕಾರ್ಖಾನೆಯಲ್ಲಿ 1966ರಿಂದ 1977ರವರೆಗೆ ಈ ಮೊದಲ ಪೀಳಿಗೆಯ ಸುಮಾರು 2 ಲಕ್ಷ 25 ಸಾವಿರ ಗಾಡಿಗಳು ತಯಾರಾದವು. ಖರ್ಚು ತಗ್ಗಿಸಲು ಗಾಜುಗಳೆಲ್ಲ ಚಪ್ಪಟೆ. ಎಡ ಬಲದ ಬಾಗಿಲ ತಗಡು ಬಹುಪಾಲು ಒಂದೇ ಅಚ್ಚು. ಮುಂಚಕ್ರ ಹಿಂಚಕ್ರಗಳ ನಡುವಿನ ಅಂತರ 92 ಇಂಚು, ಅಂದರೆ ಇವತ್ತಿನ ಮಾರುತಿ ಸ್ವಿಫ್ಟ್‌ಗಿಂತ ಅರ್ಧ ಗೇಣು ಕಡಿಮೆ. ಇಷ್ಟು ಸರಳವಾದ ಗಾಡಿ 1969ರಲ್ಲಿ ಮೆಕ್ಸಿಕೊದ ಬಾಹಾ ಮರುಭೂಮಿಯ ಸ್ಪರ್ಧೆಯಲ್ಲಿ ಲ್ಯಾರಿ ಮೈನರ್ ಮತ್ತು ರಾಡ್ ಹಾಲ್ ಅವರ ಕೈಯಲ್ಲಿ ಎಲ್ಲ ಬಗೆಯ ವಾಹನಗಳನ್ನೂ ಹಿಂದೆ ಹಾಕಿ ಮೊದಲು ಬಂತು.

ಈಗ ಅಮೆರಿಕದಲ್ಲಿ ಇವನ್ನು ಪೂರ್ತಿ ಬಿಚ್ಚಿ, ಹೊಸ ಎಂಜಿನ್, ಹೊಸ ಬ್ರೇಕ್, ಏಸಿ ಎಲ್ಲ ಕೂರಿಸಿ ಮಾರುವುದು ದೊಡ್ಡ ಕಸುಬಾಗಿದೆ. ಇಂಥ ಗಾಡಿಗೆ ರೆಸ್ಟೊಮಾಡ್ ಎನ್ನುತ್ತಾರೆ. ಹೆಸರಾಂತ ಗ್ಯಾರೇಜುಗಳ ಕೆಲಸವಾದರೆ ಬೆಲೆ ಒಂದೂವರೆ, ಎರಡು ಲಕ್ಷ ಡಾಲರ್ ದಾಟುತ್ತದೆ. ಅಷ್ಟು ಹಣ ಸುರಿಯುವವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಎಂಜಿನ್ ಎಷ್ಟು ಹಾರ್ಸ್‌ಪವರ್ ಎಂದು. ನನ್ನ ಮಟ್ಟಿಗೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. 1966ರ ಎಂಜಿನಿಯರುಗಳು ಈ ಗಾಡಿಯನ್ನು ಒಂದು ತಕ್ಕಡಿಯ ಹಾಗೆ ತೂಗಿ ನಿಲ್ಲಿಸಿದ್ದರು. 105 ಹಾರ್ಸ್‌ಪವರಿನ ಆರು ಸಿಲಿಂಡರ್ ಎಂಜಿನ್, ಅದಕ್ಕೆ ತಕ್ಕ ಡ್ರಮ್ ಬ್ರೇಕು, ಅದಕ್ಕೆ ತಕ್ಕ ಸಣ್ಣ ಟೈರು. ಒಂದು ತಟ್ಟೆಗೆ 400ಕ್ಕೂ ಮಿಕ್ಕ ಹಾರ್ಸ್‌ಪವರ್ ಹಾಕಿದ ಮೇಲೆ ಇನ್ನೊಂದು ತಟ್ಟೆಗೆ ಏನೇನು ಹಾಕಿದ್ದಾರೆ ಎಂಬುದನ್ನು ನೋಡಬೇಕು. ಅದು ಕಾಣುವುದು ಗಾಡಿಯ ಅಡಿಯಲ್ಲಿ.

ಆವತ್ತು ಅಂಗಾತ ಮಲಗಿ ಟಾರ್ಚ್ ಬಿಟ್ಟು ನೋಡಿದೆ. ಬ್ರಾಂಕೊದ ಚಾಸಿ ಪೆಟ್ಟಿಗೆಯಂತೆ ನಾಲ್ಕೂ ಕಡೆ ಮುಚ್ಚಿದ ಉಕ್ಕಿನ ತೊಲೆ. ತಿರುಚುವ ಬಲವನ್ನು ತಡೆಯಲು ಈ ಆಕಾರ ಬಹಳ ಒಳ್ಳೆಯದು. ತೊಂದರೆ ಬರುವುದು ಒಳಗೆ ಸೇರಿದ ಕೆಸರು ಹೊರಗೆ ಬರದಿದ್ದಾಗ. ಮಿಶಿಗನ್‌ನಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುತ್ತಾರೆ. ಉಪ್ಪುನೀರು ವಿದ್ಯುತ್ ಕಣಗಳ ಓಡಾಟಕ್ಕೆ ಸಲೀಸಾದ ದಾರಿ; ಕಬ್ಬಿಣ ಎಲೆಕ್ಟ್ರಾನು ಬಿಟ್ಟುಕೊಟ್ಟು ತುಕ್ಕಾಗುವ ಕ್ರಿಯೆ ಅದರಲ್ಲಿ ಹಲವು ಪಟ್ಟು ಬಿರುಸಾಗುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ತಿನ್ನುವುದರಿಂದ ಪದರು ಪದರಾಗಿ ಉಬ್ಬಿ, ಬೆಸುಗೆ ಹಾಕಿದ ಜೋಡಣೆಗಳನ್ನೇ ಒಳಗಿನಿಂದ ಮೀಟುತ್ತದೆ. ಹೊರಗಿನಿಂದ ಕಪ್ಪು ಬಣ್ಣ ಹೊಡೆದರೆ ಯಾವುದೂ ಕಾಣದು. ನಾನು ಸ್ಕ್ರೂ ಡ್ರೈವರಿನ ಹಿಡಿಯಿಂದ ಚಾಸಿಯ ಉದ್ದಕ್ಕೂ ತಟ್ಟುತ್ತ ಹೋದೆ. ಗಟ್ಟಿ ಉಕ್ಕು ಗಂಟೆಯ ಹಾಗೆ ಠಣ್ ಅನ್ನುತ್ತದೆ. ಹಿಂಬದಿಯ ಲೀಫ್ ಸ್ಪ್ರಿಂಗ್ ಪಟ್ಟಿ ಸೇರುವ ಜಾಗದಲ್ಲಿ ಅದು ಒದ್ದೆ ಹಲಗೆಯ ಹಾಗೆ ಸದ್ದು ಮಾಡಿತು.

ಎಂಜಿನ್ ಬದಲಿಸುವುದು ಬರೀ ಶೋಕಿ ಎಂದು ಹೇಳಲಾರೆ. ಹಳೆಯ ಬ್ರಾಂಕೊಗಳಲ್ಲಿದ್ದದ್ದು ಕಾರ್ಬ್ಯುರೇಟರ್. ಅದರೊಳಗಿನ ಪುಟ್ಟ ಬಟ್ಟಲಿನಲ್ಲಿ ಪೆಟ್ರೋಲು ನಿಂತಿರುತ್ತದೆ. ಮನೆಯ ಮೇಲಿನ ನೀರಿನ ಟ್ಯಾಂಕಿನಲ್ಲಿ ಚೆಂಡು ತೇಲುತ್ತ ನಲ್ಲಿ ಮುಚ್ಚುತ್ತದಲ್ಲ, ಅದೇ ಉಪಾಯ ಇಲ್ಲಿಯೂ. ಗಾಡಿ ಸಮತಟ್ಟಾಗಿದ್ದರೆ ಎಲ್ಲ ಸರಿ. ಕಡಿದಾದ ಏರಿನಲ್ಲಿ ಬಟ್ಟಲು ವಾಲಿದಾಗ ಪೆಟ್ರೋಲು ಒಂದು ಕಡೆ ಸರಿದು, ಎಂಜಿನ್‌ಗೆ ಒಮ್ಮೆ ಅತಿಯಾಗುತ್ತದೆ, ಒಮ್ಮೆ ಸಾಲದೆ ಬರುತ್ತದೆ. ನಾನು ಬೆಳೆದದ್ದು ಕೊಪ್ಪದ ಕಡೆ. ವಿಲ್ಲೀಸ್‌ನಿಂದ ಪರವಾನಗಿ ಪಡೆದು ಮಹೀಂದ್ರ ತಯಾರಿಸಿದ ಹಳೆಯ ಪೆಟ್ರೋಲ್ ಜೀಪುಗಳು ತೋಟದ ಏರಿನಲ್ಲಿ ಕೆಮ್ಮಿ ನಿಂತುಬಿಡುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಒಬ್ಬರು ಬ್ರೇಕ್ ಒತ್ತಿ ಕೂತರೆ ಇನ್ನೊಬ್ಬರು ಚಕ್ರಕ್ಕೆ ಕಲ್ಲು ಕೊಡಲು ಓಡುತ್ತಿದ್ದರು. ಫ್ಯುಯಲ್ ಇಂಜೆಕ್ಷನ್ ಈ ತಾಪತ್ರಯ ಕಳೆಯುತ್ತದೆ. ಅಲ್ಲಿ ಪೆಟ್ರೋಲು ಒತ್ತಡದಲ್ಲಿ ಬರುತ್ತದೆ, ಗಾಡಿ ಎತ್ತ ವಾಲಿದರೂ ಅಳತೆ ತಪ್ಪದು. ಆದರೆ ಒತ್ತಡ ಕಾರ್ಬ್ಯುರೇಟರಿನದಕ್ಕಿಂತ ಸುಮಾರು ಹತ್ತು ಪಟ್ಟು. ಹಳೆಯ ರಬ್ಬರ್ ಕೊಳವೆಗಳನ್ನೇ ಉಳಿಸಿಕೊಂಡಿದ್ದರೆ ಬಿಸಿ ಎಂಜಿನ್ನಿನ ಪಕ್ಕದಲ್ಲೇ ಪೆಟ್ರೋಲು ಚಿಮ್ಮುವ ಅಪಾಯ. ಟ್ಯಾಂಕಿನಿಂದ ಎಂಜಿನ್‌ವರೆಗಿನ ಕೊಳವೆಯನ್ನು ಕಣ್ಣಿಟ್ಟು ಹಿಂಬಾಲಿಸಿ ನೋಡಬೇಕು.

ಇನ್ನು ಬ್ರೇಕು. ಜನ, ಸಾಮಾನು ಸೇರಿ 1,800 ಕಿಲೊ ತೂಗುವ ಗಾಡಿ ಗಂಟೆಗೆ 100 ಕಿಲೊಮೀಟರ್ ವೇಗದಲ್ಲಿದ್ದರೆ ಅದರ ಚಲನೆಯಲ್ಲಿರುವ ಶಕ್ತಿ ಸುಮಾರು 7 ಲಕ್ಷ ಜೂಲ್. ಎರಡು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಶಕ್ತಿ ಸಾಕು. ಗಾಡಿ ನಿಲ್ಲಿಸುವುದೆಂದರೆ ಅಷ್ಟು ಶಾಖವನ್ನು ನಾಲ್ಕು ಚಕ್ರಗಳಲ್ಲಿ, ಕೆಲವೇ ಸೆಕೆಂಡುಗಳಲ್ಲಿ ಹುಟ್ಟಿಸುವುದು. ವೇಗ ಅರ್ಧವಾದರೆ ಶಾಖ ಕಾಲು ಭಾಗವಾಗುತ್ತದೆ, ಆದ್ದರಿಂದಲೇ ನಿಧಾನಕ್ಕೆ ಓಡುತ್ತಿದ್ದ ಹಳೆಯ ಗಾಡಿಗೆ ಡ್ರಮ್ ಬ್ರೇಕು ಸಾಕಾಗುತ್ತಿತ್ತು. ಡ್ರಮ್ ಕಾದಾಗ ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ. ಪೆಡಲ್ ಇನ್ನೂ ಕೆಳಗೆ ಹೋಗುತ್ತದೆ, ಹಿಡಿತ ಸಡಿಲುತ್ತದೆ. ಡಿಸ್ಕ್ ಗಾಳಿಗೆ ತೆರೆದುಕೊಂಡಿದ್ದು ಎರಡೂ ಬದಿಯಿಂದ ಅದುಮಿಸಿಕೊಳ್ಳುವುದರಿಂದ ಈ ಕಷ್ಟ ಬಹಳ ಕಡಿಮೆ. ಬ್ರಾಂಕೊಗೆ ಮುಂಚಕ್ರದ ಡಿಸ್ಕ್ ಕಾರ್ಖಾನೆಯಿಂದಲೇ ಬಂದದ್ದು 1976ರಲ್ಲಿ. ಹಾಗಾಗಿ ಅದಕ್ಕೂ ಹಿಂದಿನ ಗಾಡಿಯಲ್ಲಿ ಡಿಸ್ಕ್ ಕಂಡರೆ ಯಾರೋ ಆಮೇಲೆ ಹಾಕಿದ್ದಾರೆ ಎಂದರ್ಥ. ಜೊತೆಗೆ ಮಾಸ್ಟರ್ ಸಿಲಿಂಡರನ್ನೂ ಬದಲಿಸಿದ್ದಾರೆಯೇ, ಹಿಂದೆ ಮುಂದೆ ಒತ್ತಡ ಹಂಚುವ ವಾಲ್ವ್ ಇದೆಯೇ ಎಂದು ಕೇಳಿ. ಹಿಂಚಕ್ರ ಮೊದಲು ಕಚ್ಚಿಕೊಂಡರೆ ಇಷ್ಟು ಗಿಡ್ಡ ಗಾಡಿ ಬುಗುರಿಯ ಹಾಗೆ ತಿರುಗಿಬಿಡಬಹುದು.

ಟೈರಿನ ಲೆಕ್ಕ ಚಿಕ್ಕದು. ಮೂಲ ಟೈರಿನ ವ್ಯಾಸ ಸುಮಾರು 28 ಇಂಚು. ಈಗ ಅಂದಕ್ಕೆಂದು 35 ಇಂಚಿನದು ಹಾಕುತ್ತಾರೆ. ಮೀಟರನ್ನು ತಿದ್ದದೆ ಬಿಟ್ಟಿದ್ದರೆ ಅದು 80 ತೋರಿಸುವಾಗ ಗಾಡಿ ನಿಜಕ್ಕೂ 100ರಲ್ಲಿ ಓಡುತ್ತಿರುತ್ತದೆ. ಅಂಥ ಟೈರು ಹಿಡಿಸಲು ಹಿಂಚಕ್ರದ ಮೇಲಿನ ತಗಡನ್ನು ಕತ್ತರಿಸಿ ಅಗಲಿಸುವ ರೂಢಿ ಹಳೆಯದು. ಕತ್ತರಿ ಬೀಳದ ಗಾಡಿಗೆ ಈಗ ಬೆಲೆ ಹೆಚ್ಚಾದ್ದರಿಂದ ಕತ್ತರಿಸಿದ್ದನ್ನು ಮತ್ತೆ ಮುಚ್ಚುವವರೂ ಇದ್ದಾರೆ. ನನ್ನ ಅಯಸ್ಕಾಂತ ಜಾರಿದ್ದು ಅಂಥದೇ ಜಾಗದಲ್ಲಿ.

ಆದರೂ ಗೆಳೆಯನಿಗೆ ಓಡಿಸಿ ನೋಡುವ ಆಸೆ. ಹಳ್ಳಿ ರಸ್ತೆಯಲ್ಲಿ ಎಂಜಿನ್ನಿನ ಸದ್ದು ಎದೆಗೆ ಹಿತವಾಗಿಯೇ ಇತ್ತು. ಗಂಟೆಗೆ ಎಪ್ಪತ್ತು ಕಿಲೊಮೀಟರ್ ಮುಟ್ಟುತ್ತಲೇ ಅವನು ಎರಡೂ ಕೈಯಲ್ಲಿ ಸ್ಟೇರಿಂಗ್ ಬಿಗಿಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿದ್ದುತ್ತಲೇ ಇದ್ದ. ತಿರುವು ದಾಟಿದ ಮೇಲೂ ಸ್ಟೇರಿಂಗ್ ತಾನಾಗಿ ಮರಳುತ್ತಿರಲಿಲ್ಲ, ತಿರುಗಿಸಿದಲ್ಲೇ ನಿಲ್ಲುತ್ತಿತ್ತು.

ಹೀಗೇಕೆ ಎಂದು ತಿಳಿಯಲು ಸೈಕಲ್ ನೋಡಿದರೆ ಸಾಕು. ಅದರ ಹ್ಯಾಂಡಲ್ ಹಿಡಿಯುವ ಕಂಬ ನೆಟ್ಟಗಿರುವುದಿಲ್ಲ, ಸವಾರನ ಕಡೆಗೆ ವಾಲಿರುತ್ತದೆ. ಆ ಕಂಬದ ರೇಖೆಯನ್ನು ನೆಲದವರೆಗೆ ಎಳೆದರೆ, ಟೈರು ನೆಲ ಮುಟ್ಟುವ ಜಾಗ ಅದಕ್ಕಿಂತ ತುಸು ಹಿಂದೆ ಬೀಳುತ್ತದೆ. ಹಗ್ಗ ಹಿಡಿದು ಎಳೆದ ಕರು ಹಿಂದೆ ಹಿಂದೆ ಬರುವಂತೆ ಚಕ್ರ ಆ ರೇಖೆಯ ಹಿಂದೆಯೇ ಸಾಗಿ ನೆಟ್ಟಗಾಗುತ್ತದೆ. ಕೈಬಿಟ್ಟು ಸೈಕಲ್ ಓಡಿಸಲು ಆಗುವುದಕ್ಕೆ ಇದೂ ಒಂದು ಕಾರಣ. ಗಾಡಿಗಳಲ್ಲಿ ಈ ವಾಲಿಕೆಗೆ ಕ್ಯಾಸ್ಟರ್ ಎನ್ನುತ್ತಾರೆ. ಬ್ರಾಂಕೊದ ಮುಂದಿನ ಇಡಿಯ ಆ್ಯಕ್ಸಲನ್ನು ಹಿಡಿದಿರುವುದು ಹಿಂದಕ್ಕೆ ಚಾಚಿ ಚಾಸಿಗೆ ಸೇರುವ ಎರಡು ಕಬ್ಬಿಣದ ತೋಳುಗಳು. ಎತ್ತರದ ಸ್ಪ್ರಿಂಗ್ ಹಾಕಿ ಗಾಡಿಯನ್ನು ಮೇಲೆತ್ತಿದರೆ ತೋಳುಗಳು ಕೆಳಗೆ ಇಳಿಬೀಳುತ್ತವೆ, ಅವುಗಳ ಜೊತೆ ಆ್ಯಕ್ಸಲೂ ಮುಂದಕ್ಕೆ ಹೊರಳುತ್ತದೆ, ವಾಲಿಕೆ ಕರಗುತ್ತದೆ. ಕೆಲವೇ ಡಿಗ್ರಿ ಕರಗಿದರೂ ಸಾಕು, ಸ್ಟೇರಿಂಗ್ ತಾನಾಗಿ ಮರಳುವುದು ನಿಲ್ಲುತ್ತದೆ. ಆ್ಯಕ್ಸಲಿಗೂ ತೋಳಿಗೂ ನಡುವಿನ ಬುಶ್‌ಗಳನ್ನು ಓರೆಯಾಗಿ ಅಚ್ಚುಹಾಕಿದವುಗಳಿಗೆ ಬದಲಿಸಿ ಅಥವಾ ಉದ್ದದ ತೋಳು ಹಾಕಿ ಇದನ್ನು ಸರಿಪಡಿಸಬಹುದು. ಇಡೀ ಗಾಡಿಯ ಖರ್ಚಿನಲ್ಲಿ ಬುಶ್‌ನದು ತೀರಾ ಸಣ್ಣ ಬಾಬತ್ತು. ಇಲ್ಲಿ ಅದನ್ನೇ ಮಾಡಿರಲಿಲ್ಲ.

ಗಾಡಿಯ ಗುರುತಿನ ವಿಷಯವನ್ನೂ ಬಿಡುವಂತಿಲ್ಲ. ಈಗ ಬ್ರಾಂಕೊದ ಇಡೀ ಉಕ್ಕಿನ ಮೈಯೇ ಹೊಸದಾಗಿ ಸಿಗುತ್ತದೆ. ಹೊಸ ಮೈ ಹಾಕುವುದು ತಪ್ಪಲ್ಲ, ಹಾಗೆಂದು ಹೇಳಿ ಮಾರಿದರೆ. ಕಾಗದಪತ್ರದ ಸಂಖ್ಯೆ ಚಾಸಿಯ ಮೇಲೆ ಕೊರೆದದ್ದಕ್ಕೆ ಅಕ್ಷರ ಬಿಡದೆ ಹೊಂದಬೇಕು. ಯು15 ಎಂದು ಶುರುವಾದರೆ ಪೂರ್ತಿ ಛಾವಣಿಯ ವ್ಯಾಗನ್, ಯು14 ಆದರೆ ಅರ್ಧ ಛಾವಣಿಯ ಪಿಕಪ್, ಯು13 ಆದರೆ ಬಾಗಿಲೇ ಇಲ್ಲದೆ ಬಂದ ರೋಡ್‌ಸ್ಟರ್. ಆಮೇಲಿನ ಅಕ್ಷರ ಎಂಜಿನ್ನಿನದು. ಜಿ ಎಂದಿದ್ದರೆ ಅದು 302 ಘನ ಇಂಚಿನ ವಿ8 ಇಟ್ಟುಕೊಂಡೇ ಕಾರ್ಖಾನೆಯಿಂದ ಹೊರಬಿದ್ದದ್ದು.

ನೀಲಿ ಗಾಡಿಯನ್ನು ಅಲ್ಲೇ ಬಿಟ್ಟು ಬಂದೆವು. ದಾರಿಯುದ್ದಕ್ಕೂ ಗೆಳೆಯ ಮಾತಾಡಲಿಲ್ಲ. ಎರಡು ತಿಂಗಳ ಮೇಲೆ ಅವನು ಅರಿಜೋನದ ಒಣ ಸೀಮೆಯಲ್ಲೇ ಇದ್ದ ಇನ್ನೊಂದನ್ನು ಹುಡುಕಿದ. ಬಿಸಿಲಿಗೆ ಮಂಕಾದ ಹಸಿರು ಬಣ್ಣ, ಹಳೆಯ 302 ಎಂಜಿನ್ನಿಗೇ ಫ್ಯುಯಲ್ ಇಂಜೆಕ್ಷನ್, ಮುಂದೆ ಡಿಸ್ಕ್ ಬ್ರೇಕು, ಮಟ್ಟಸ ಟೈರು. ಮಾರುವವರು ಚಾಸಿಯನ್ನು ಬೋಳು ಮಾಡಿ ಇಟ್ಟಿದ್ದಾಗಿನ ಚಿತ್ರಗಳನ್ನೂ ಹಾಕಿದ ಪ್ರತಿ ಭಾಗದ ರಸೀದಿಯನ್ನೂ ಒಂದು ಫೈಲಿನಲ್ಲಿ ಜೋಡಿಸಿಟ್ಟಿದ್ದರು. ನಾನು ಮಲಗಿ ಚಾಸಿ ತಟ್ಟಿದೆ, ಉದ್ದಕ್ಕೂ ಗಂಟೆಯ ಸದ್ದೇ. ಆಮೇಲೆ ಗೆಳೆಯ ಓಡಿಸಿದ. ಕಳ್ಳಿಗಿಡಗಳ ನಡುವಿನ ಖಾಲಿ ರಸ್ತೆಯಲ್ಲಿ ಒಂದು ತಿರುವು ಮುಗಿಯುತ್ತಿದ್ದಾಗ ಅವನು ಬೆರಳುಗಳನ್ನು ಸ್ವಲ್ಪ ಸಡಿಲ ಬಿಟ್ಟು ನನ್ನ ಕಡೆ ನೋಡಿದ. ಸ್ಟೇರಿಂಗ್ ಅವನ ಅಂಗೈಯೊಳಗೆ ಮೆಲ್ಲಗೆ ಜಾರುತ್ತ ತಾನಾಗಿ ನೆಟ್ಟಗಾಯಿತು.