ಶೆನಿಲ್ ಹೊದಿಕೆಯ ಜುಂಗು ಉದುರುವುದೇಕೆ?

ಪ್ರಶ್ನೆ: ದಪ್ಪ ಶೆನಿಲ್ ನೂಲಿನಿಂದ ಹೆಣೆದ ಹೊದಿಕೆ ಜುಂಗು ಉದುರಿಸುತ್ತಿದೆ, ಏಕೆ? (ಓದುಗರು, ಮೇಲೂರು)

ಉತ್ತರ: ಶಿಡ್ಲಘಟ್ಟ ಸೀಮೆಯಲ್ಲಿ ನೀವು ನೋಡುವ ರೇಷ್ಮೆಗೂಡಿನ ಎಳೆ ನೂರಾರು ಮೀಟರ್ ಒಂದೇ ಸಮ ಬಿಚ್ಚಿಕೊಳ್ಳುತ್ತದೆ. ಶೆನಿಲ್ ಹಾಗಲ್ಲ. ಹುರಿಗೊಳಿಸಿದ ಎಳೆಗಳ ನಡುವೆ ತುಂಡು ನಾರುಗಳನ್ನು ಸಿಕ್ಕಿಸಿರುತ್ತಾರೆ. ಹುರಿ ಸಡಿಲವಾದರೆ, ಅದರಲ್ಲೂ ಕತ್ತರಿಸಿದ ತುದಿಯಲ್ಲಿ, ಅವು ಜಾರಿಬೀಳುತ್ತವೆ. ಕೊಳ್ಳುವಾಗ ಜುಂಗನ್ನು ಉಗುರಿನಿಂದ ಎಳೆದು ನೋಡಿ. ಸಲೀಸಾಗಿ ಕಿತ್ತುಬಂದರೆ ಆ ನೂಲು ಬೇಡವೇ ಬೇಡ, ಎಷ್ಟೇ ಅಗ್ಗವಿರಲಿ. ತುದಿಗಳನ್ನು ಸೂಜಿದಾರದಿಂದ ಹೊಲಿದು ಹೆಣಿಗೆಯೊಳಗೆ ಅಡಗಿಸಿ. ಪದೇ ಪದೇ ಬಿಚ್ಚಿ ಹೆಣೆದಷ್ಟೂ ನೂಲು ಬೋಳಾಗುತ್ತದೆ. ಹೆಚ್ಚಿನ ದಪ್ಪ ಶೆನಿಲ್ ಪಾಲಿಯೆಸ್ಟರ್, ಇಸ್ತ್ರಿ ತಾಗಿಸಬೇಡಿ. ತಣ್ಣೀರಲ್ಲಿ ಮೆಲ್ಲಗೆ ತೊಳೆದು, ನೇತುಹಾಕದೆ ಹರಡಿ ಒಣಗಿಸಿ. ನೇತುಹಾಕಿದರೆ ನೀರಿನ ಭಾರಕ್ಕೆ ಜಗ್ಗುತ್ತದೆ.