ಸರ್ವಜ್ಞನನ್ನು ಕೂಡಿಸಿಟ್ಟ ಸಭಾಪಾಲಕರು

ಗೋಕಾಕ ಸೀಮೆಯ ತುಕ್ಕಾನಟ್ಟಿಯಂಥ ಊರುಗಳಲ್ಲಿ ಹಿರಿಯರ ಬಾಯಲ್ಲಿ ಮಾತಿಗೊಂದು ಸರ್ವಜ್ಞನ ತ್ರಿಪದಿ ಬರುವುದುಂಟು. ಆ ತ್ರಿಪದಿಗಳನ್ನು ಚದುರಿಹೋಗದಂತೆ ಕೂಡಿಸಿಟ್ಟವರು ಒಬ್ಬ ಕ್ರೈಸ್ತ ಸಭಾಪಾಲಕರೆಂಬುದನ್ನು ನಮ್ಮ ಮನೆಗಳ ಮಕ್ಕಳು ಬಲ್ಲರೇ?

ರೆವರೆಂಡ್ ಉತ್ತಂಗಿ ಚನ್ನಪ್ಪನವರು 1881ರಲ್ಲಿ ಧಾರವಾಡದಲ್ಲಿ ಜನಿಸಿದರು. ಅವರ ಹಿರಿಯರು ಲಿಂಗಾಯತ ಮನೆತನದಿಂದ ಕ್ರಿಸ್ತ ವಿಶ್ವಾಸಕ್ಕೆ ಬಂದವರು. ಚನ್ನಪ್ಪನವರು ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರ ದೇವಶಾಸ್ತ್ರ ಶಾಲೆಯಲ್ಲಿ ಕಲಿತು, ಉತ್ತರ ಕರ್ನಾಟಕದ ಸಭೆಗಳಲ್ಲಿ ಸೇವೆ ಸಲ್ಲಿಸಿದರು. ನಮ್ಮ ಯಾಜಕರಂತೆ ಬ್ರಹ್ಮಚಾರಿಗಳಲ್ಲ. ಪ್ರೊಟೆಸ್ಟೆಂಟ್ ರೂಢಿಯಂತೆ ಸಂಸಾರಸ್ಥರು. ಮನೆ, ಸಭೆ ಎರಡರ ಹೊಣೆಯನ್ನೂ ಹೊತ್ತೇ ಊರೂರು ಅಲೆದರು, ಓಲೆಗರಿಗಳನ್ನು ಹುಡುಕಿದರು, ಹಳ್ಳಿಗರ ಬಾಯಿಂದ ಕೇಳಿ ಬರೆದುಕೊಂಡರು. 1924ರಲ್ಲಿ ‘ಸರ್ವಜ್ಞನ ವಚನಗಳು’ ಹೊರಬಂದಿತು.

ಶುಭಸಂದೇಶ ಸಾರಬೇಕಾದವರಿಗೆ ಅನ್ಯರ ವಚನಗಳೇಕೆ ಎಂದು ಕೇಳಬಹುದು. ಪಾದ್ರಿಗೆ ಶರಣರ ಗೊಡವೆಯೇಕೆ ಎಂದೂ ಕೇಳಬಹುದು. ಚನ್ನಪ್ಪನವರು ಎರಡಕ್ಕೂ ದುಡಿಮೆಯಿಂದಲೇ ಉತ್ತರವಿತ್ತರು. ಅನುಭವ ಮಂಟಪ ನಿಜವಾಗಿ ಇತ್ತೇ ಎಂಬ ಸಂಶಯ ಎದ್ದಾಗ ಅದರ ಐತಿಹಾಸಿಕತೆಯನ್ನು ಸಮರ್ಥಿಸಿ ಗ್ರಂಥವನ್ನೇ ಬರೆದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನ ಅವರನ್ನು ಅಧ್ಯಕ್ಷ ಪೀಠದಲ್ಲಿ ಕೂರಿಸಿತು. ಕ್ರಿಸ್ತನ ಮೇಲಣ ಅವರ ವಿಶ್ವಾಸವೇನೂ ಇದರಿಂದ ಸಡಿಲಲಿಲ್ಲ. ಶರಣರನ್ನು ಅರಿಯದೆ ಈ ನಾಡಿನವರೊಡನೆ ಕ್ರಿಸ್ತನ ಮಾತಾಡುವುದಾದರೂ ಹೇಗೆ?

ಅವರು ತೀರಿಕೊಂಡದ್ದು 1962ರಲ್ಲಿ. ಎರಡನೆಯ ವ್ಯಾಟಿಕನ್ ಮಹಾಸಭೆ ಆರಂಭವಾದದ್ದೂ ಅದೇ ವರ್ಷ. ಅನ್ಯ ಧರ್ಮಗಳಲ್ಲಿರುವ ಸತ್ಯವನ್ನೂ ಪಾವಿತ್ರ್ಯವನ್ನೂ ಧರ್ಮಸಭೆ ತಿರಸ್ಕರಿಸದು ಎಂದು ಆ ಮಹಾಸಭೆ 1965ರಲ್ಲಿ ಸಾರಿತು. ಚನ್ನಪ್ಪನವರ ಸರ್ವಜ್ಞ ಅಚ್ಚಾಗಿ ಆ ಹೊತ್ತಿಗೆ 41 ವರ್ಷಗಳಾಗಿದ್ದವು.