ಹಳೆಯ ಲ್ಯಾಂಡ್ ರೋವರಿನ ಬಿಸಿಗಾಳಿ

ಇತಿಹಾಸ, ತರ್ಕಶಾಸ್ತ್ರಗಳನ್ನು ಓದುವ ವಿದ್ಯಾರ್ಥಿಯೊಬ್ಬನು ಮೋಟಾರು ಗಾಡಿಯ ವಿಷಯ ಬರೆಯಹೊರಟರೆ ಅದು ಅಧಿಕಪ್ರಸಂಗವೆಂದು ವಾಚಕರಿಗೆ ತೋರಬಹುದು. ನನ್ನ ತಂದೆಯವರು ಸಕಲೇಶಪುರದ ಕಡೆ ಮೂವತ್ತು ವರ್ಷಗಳಿಂದ ಜೀಪು ರಿಪೇರಿ ಮಾಡುತ್ತಿರುವ ಮೇಸ್ತ್ರಿಗಳು ಎಂಬುದೊಂದೇ ನನಗಿರುವ ಅರ್ಹತೆ. ಆದರೆ ನಾನು ಹೇಳಲಿರುವ ಹೀಟರನ್ನು ಅವರೂ ಕಣ್ಣಿನಿಂದ ಕಂಡವರಲ್ಲ. ಅವರ ಕೈಗೆ ಬರುವ ಹಳೆಯ ಜೀಪುಗಳಲ್ಲಿ ಅಂಥದೊಂದು ಇರುವುದಿಲ್ಲ. ಮಲೆನಾಡಿನ ಚಳಿಗೆ ಒಂದು ಕಂಬಳಿ ಸಾಕು.

ನನ್ನ ಸೋದರಮಾವನವರು ಸ್ಕಾಟ್ಲೆಂಡಿನ ಇನ್ವರ್ನೆಸ್ ಪಟ್ಟಣದ ಬಳಿ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದಾರೆ. ಅಲ್ಲಿ ಅವರು 1974ನೆಯ ಇಸವಿಯ ಒಂದು ಲ್ಯಾಂಡ್ ರೋವರನ್ನು ಆಸೆಪಟ್ಟು ಕೊಂಡರು. ಕಳೆದ ಜನವರಿಯಲ್ಲಿ ರಾತ್ರಿಪಾಳಿ ಮುಗಿಸಿ ಮನೆಗೆ ಮರಳುವಾಗ, ಅವರ ಉಸಿರೇ ಮುಂದಿನ ಗಾಜಿನ ಒಳಮೈಗೆ ಅಂಟಿ ಹೆಪ್ಪುಗಟ್ಟಿತು. ಅಂಗೈಯಗಲ ಒರೆಸಿಕೊಂಡು ಆ ಕಿಂಡಿಯಲ್ಲೇ ರಸ್ತೆ ನೋಡುತ್ತ ಬಂದವರು ಒಂದು ತಿರುವಿನಲ್ಲಿ ಚರಂಡಿಗೆ ಇಳಿದರು. ಪುಣ್ಯಕ್ಕೆ ಪೆಟ್ಟಾಗಲಿಲ್ಲ. ಹೀಟರಿನ ಫ್ಯಾನು ಸದ್ದು ಮಾಡುತ್ತಿತ್ತು, ಬರುತ್ತಿದ್ದುದು ಮಾತ್ರ ತಣ್ಣನೆಯ ಗಾಳಿ. ಇಡೀ ಹೀಟರನ್ನೇ ಕಿತ್ತು ಬೇರೆಯದನ್ನು ಹಾಕಿಸುವುದಾಗಿ ಅವರು ಫೋನಿನಲ್ಲಿ ಅಮ್ಮನಿಗೆ ಹೇಳುತ್ತಿದ್ದಾಗ ತಂದೆಯವರು ಕೈ ಚಾಚಿ ಫೋನು ತೆಗೆದುಕೊಂಡರು.

"ಆ ಪೆಟ್ಟಿಗೆಗೆ ಬಿಸಿ ಎಲ್ಲಿಂದ ಬರುತ್ತದೆ? ಕರೆಂಟಿನಿಂದಲೋ?"

"ಇಲ್ಲ ಭಾವ, ಎಂಜಿನ್ನಿನ ನೀರಿನಿಂದ."

"ಹಾಗಾದರೆ ಅದು ಇನ್ನೊಂದು ರೇಡಿಯೇಟರು ಕಣಯ್ಯ. ಏನನ್ನೂ ಕೀಳಬೇಡ. ಮೊದಲು ಪೈಪು ಮುಟ್ಟಿ ನೋಡು."

ಈ ಒಂದು ಮಾತಿನಲ್ಲಿ ಇಡೀ ವಿಷಯ ಅಡಗಿದೆ. ಪೆಟ್ರೋಲು ಉರಿದಾಗ ಹುಟ್ಟುವ ಶಕ್ತಿಯಲ್ಲಿ ಚಕ್ರಕ್ಕೆ ಸಲ್ಲುವುದು ಸಣ್ಣ ಪಾಲು. ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಹೊಗೆಯ ಜೊತೆ ಹೋಗುತ್ತದೆ, ಸುಮಾರು ಅಷ್ಟೇ ಪಾಲು ಎಂಜಿನ್ನಿನ ಸುತ್ತ ಹರಿಯುವ ನೀರಿಗೆ ಸೇರುತ್ತದೆ. ಈ ಬಿಸಿಯನ್ನು ಮುಂದಿನ ರೇಡಿಯೇಟರು ಗಾಳಿಗೆ ಚೆಲ್ಲಿಬಿಡುವುದು. ಚೆಲ್ಲುವ ಈ ಬಿಸಿಯಲ್ಲಿ ಸ್ವಲ್ಪವನ್ನು ಕೂರುವ ಜಾಗಕ್ಕೆ ತಿರುಗಿಸುವುದೇ ಹೀಟರಿನ ಕೆಲಸ. ಬಿಸಿನೀರಿನ ಒಂದು ಕವಲು ರಬ್ಬರು ಪೈಪಿನಲ್ಲಿ ಬಂದು, ಮ್ಯಾಟ್ರಿಕ್ಸ್ ಎಂದು ಕರೆಯುವ ಕಿರು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಸುತ್ತಿ, ಇನ್ನೊಂದು ಪೈಪಿನಲ್ಲಿ ಮತ್ತೆ ನೀರಿನ ಪಂಪಿಗೆ ಸೇರುವುದು. ಹೊರಗಿನ ಗಾಳಿಯನ್ನು ಫ್ಯಾನು ಆ ಕೊಳವೆಗಳ ನಡುವೆ ತಳ್ಳಿ, ಕಾಲಬಳಿಗೂ ಗಾಜಿನ ಕಡೆಗೂ ಕಳುಹಿಸುವುದು.

ಹೊರಗೆ ಅಷ್ಟು ಮಂಜಿರುವಾಗ ಹೊರಗಿನ ಗಾಳಿಯನ್ನೇಕೆ ಒಳಗೆ ತರಬೇಕು ಎಂದು ನಾನೂ ಕೇಳಿದ್ದೆ. ಸೊನ್ನೆ ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ ಸುಮಾರು 5 ಗ್ರಾಂ ನೀರಾವಿಯನ್ನು ಮಾತ್ರ ಹಿಡಿಯಬಲ್ಲುದು. ಅದೇ ಗಾಳಿಯನ್ನು 20 ಡಿಗ್ರಿಗೆ ಕಾಯಿಸಿದರೆ 17 ಗ್ರಾಂನಷ್ಟು ಹಿಡಿಯಬಲ್ಲುದು. ಆದುದರಿಂದ ಕಾಯಿಸಿದ ಹೊರಗಾಳಿ ಬಾಯಾರಿದ ಗಾಳಿ. ಗಾಜಿನ ಮೇಲಿನ ತೇವವನ್ನು ಕುಡಿದುಬಿಡುತ್ತದೆ. ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ಸುತ್ತಿಸಿದರೆ ನಮ್ಮ ಉಸಿರಿನ ತೇವ ಅಲ್ಲಿಯೇ ಉಳಿಯುತ್ತದೆ.

ಇನ್ನು ಪೈಪು ಮುಟ್ಟುವ ಪರೀಕ್ಷೆ. ತರ್ಕಶಾಸ್ತ್ರದ ತರಗತಿಯಲ್ಲಿ ಕಲಿತ ಯಾವ ಅನುಮಾನಕ್ರಮಕ್ಕೂ ಇದು ಕಡಿಮೆಯಲ್ಲ. ಎಂಜಿನ್ನು ಚೆನ್ನಾಗಿ ಕಾದ ಮೇಲೆ, ತಿರುಗುವ ಫ್ಯಾನಿಗೆ ಕೈ ತಾಗದಂತೆ, ಹೀಟರಿನ ಎರಡು ಪೈಪುಗಳನ್ನೂ ಮೆಲ್ಲನೆ ಮುಟ್ಟಬೇಕು. ಎರಡೂ ಬಿಸಿಯಾಗಿದ್ದು ಗಾಳಿ ತಣ್ಣಗಿದ್ದರೆ ನೀರಿನ ತಪ್ಪಿಲ್ಲ. ಗಾಳಿಯ ದಾರಿಯ ಮುಚ್ಚಳ, ಅದರ ತಂತಿ, ಫ್ಯಾನು ಇವುಗಳನ್ನು ನೋಡಬೇಕು. ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ನೀರು ಹೋಗಿ ನಿಂತಿದೆ ಎಂದರ್ಥ: ನಲ್ಲಿ ಮುಚ್ಚಿರಬೇಕು ಅಥವಾ ಮ್ಯಾಟ್ರಿಕ್ಸ್ ಕಟ್ಟಿರಬೇಕು. ಎರಡೂ ತಣ್ಣಗಿದ್ದರೆ ನೀರು ಕಡಮೆಯಾಗಿದೆ, ಇಲ್ಲವೇ ಪೈಪಿನ ಎತ್ತರದ ಭಾಗದಲ್ಲಿ ಗಾಳಿ ಸಿಕ್ಕಿಕೊಂಡಿದೆ. ಎರಡೂ ಉಗುರುಬೆಚ್ಚಗಿದ್ದು, ಎಷ್ಟು ದೂರ ಓಡಿಸಿದರೂ ಶಾಖದ ಮುಳ್ಳು ಮೇಲೇಳದಿದ್ದರೆ, ನೀರು ಕಾಯುವವರೆಗೂ ರೇಡಿಯೇಟರಿನ ದಾರಿಯನ್ನು ತಡೆಯಬೇಕಾದ ಥರ್ಮೋಸ್ಟಾಟು ತೆರೆದೇ ನಿಂತಿದೆ ಎಂದು ತಿಳಿಯಬಹುದು.

ಮಾವನವರ ಗಾಡಿಯಲ್ಲಿ ಎರಡೂ ತಣ್ಣಗಿದ್ದುವು. ನವೆಂಬರಿನಲ್ಲಿ ತಾವೇ ಒಂದು ಪೈಪು ಬದಲಾಯಿಸಿದ್ದನ್ನು ಆಗ ಅವರು ಮೆಲ್ಲಗೆ ಒಪ್ಪಿಕೊಂಡರು! ನೀರು ತುಂಬುವಾಗ ಹೀಟರಿನ ನಲ್ಲಿಯನ್ನು ತೆರೆದಿರಲಿಲ್ಲ; ಗಾಳಿ ಒಳಗೇ ಉಳಿದಿತ್ತು. ತಂದೆಯವರ ಸೂಚನೆಯಂತೆ, ಎಂಜಿನ್ನು ಪೂರ್ತಿ ಆರಿದ ಮೇಲೆ, ಗಾಡಿಯ ಮೂತಿ ಮೇಲಾಗುವಂತೆ ಏರಿನಲ್ಲಿ ನಿಲ್ಲಿಸಿ, ನಲ್ಲಿ ತೆರೆದು, ನಿಧಾನವಾಗಿ ನೀರು ತುಂಬಿದರು. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳಕ್ಕೆ ಕೈಹಾಕಲೇಬಾರದು. ಒಳಗೆ ಒತ್ತಡವಿರುವುದರಿಂದ ನೀರು 100 ಡಿಗ್ರಿ ದಾಟಿಯೂ ಕುದಿಯದೆ ಇರಬಹುದು. ಮುಚ್ಚಳ ತೆಗೆದ ಕ್ಷಣದಲ್ಲಿ ಕುದಿದು ಮುಖಕ್ಕೆ ಹಾರುತ್ತದೆ. ತಂದೆಯವರ ಎಡಮುಂಗೈಯ ಕಲೆ ಹಾಗೆ ಬಂದದ್ದು.

ಮರುದಿನ ಒಂದು ಪೈಪು ಸುಡುತ್ತಿತ್ತು, ಇನ್ನೊಂದು ಬೆಚ್ಚಗೂ ಇರಲಿಲ್ಲ. ಒಂದು ದೋಷದ ಹಿಂದೆ ಇನ್ನೊಂದು ಅಡಗಿತ್ತು. ಮ್ಯಾಟ್ರಿಕ್ಸಿನ ಎರಡೂ ಪೈಪುಗಳನ್ನು ಬಿಡಿಸಿ, ನೀರು ಹೊರಡುವ ಕಡೆಯಿಂದ ತೋಟದ ಪೈಪಿನಲ್ಲಿ ಹಿಮ್ಮುಖವಾಗಿ ನೀರು ಹಾಯಿಸಿದಾಗ, ತುಕ್ಕಿನ ಕೆಸರು ನಮ್ಮ ಕಾಫಿಯ ಚರಟದಂತೆ ಹೊರಬಿತ್ತಂತೆ. ನೀರನ್ನು ಜೋರಾಗಿ ಬಿಡಬಾರದು. ಹಳೆಯ ಬೆಸುಗೆ ಬಿಟ್ಟರೆ ಕೆಲಸ ಕೆಟ್ಟಿತು. ಕೊನೆಗೆ ಗ್ಲೈಕಾಲನ್ನೂ ನೀರನ್ನೂ ಸಮಪಾಲು ಬೆರೆಸಿ ತುಂಬಿದರು. ಈ ಮಿಶ್ರಣ ಸುಮಾರು ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟದು. ಬರಿಯ ನೀರಾದರೆ ಹೆಪ್ಪುಗಟ್ಟುವಾಗ ನೂರಕ್ಕೆ 9 ಪಾಲು ಹಿಗ್ಗಿ ಎಂಜಿನ್ನನ್ನೇ ಸೀಳಬಲ್ಲುದು. ಗ್ಲೈಕಾಲು ಸಿಹಿ, ಆದರೆ ವಿಷ. ಚೆಲ್ಲಿದ್ದನ್ನು ನಾಯಿ ನೆಕ್ಕದಂತೆ ತೊಳೆಯಬೇಕು. ಗಾಡಿಯೊಳಗೆ ಸಿಹಿವಾಸನೆ ಬಂದು ಗಾಜಿನ ಮೇಲೆ ಜಿಡ್ಡು ಮಂಜು ಕಟ್ಟಿದರೆ ಮ್ಯಾಟ್ರಿಕ್ಸ್ ಸೋರುತ್ತಿದೆಯೆಂದೇ ತಿಳಿಯಬೇಕು.

ಇಷ್ಟಾದರೂ ಆ ಗಾಡಿ ಮನೆಯ ಒಲೆಯ ಮುಂದೆ ಕೂತಂತಾಗುವುದಿಲ್ಲ. 1948ರಲ್ಲಿ ಲ್ಯಾಂಡ್ ರೋವರು ಮೊದಲು ಹೊರಬಂದಾಗ ಯುದ್ಧಾನಂತರದ ಇಂಗ್ಲೆಂಡಿನಲ್ಲಿ ಉಕ್ಕಿಗೆ ಅಭಾವ. ಅದಕ್ಕಾಗಿ ಮೈಯನ್ನು ಅಲ್ಯುಮಿನಿಯಂ ಮಿಶ್ರಲೋಹದಲ್ಲಿ ಮಾಡಿದರು. ಆ ಲೋಹ ಒಳಗಿನ ಬಿಸಿಯನ್ನು ಬೇಗನೆ ಹೊರಗೆ ದಾಟಿಸುತ್ತದೆ. ಜೊತೆಗೆ ರೈತನು ಹೊಲದಲ್ಲಿ ಓಡಿಸಲೆಂದು ಮಾಡಿದ ಗಾಡಿಯಾದ್ದರಿಂದ ಬಾಗಿಲಿನ ಸಂದುಗಳೂ ಧಾರಾಳ. ಮಾವನವರು ಈಗ ಬಾಗಿಲುಗಳಿಗೆ ಹೊಸ ರಬ್ಬರುಪಟ್ಟಿ ಅಂಟಿಸುತ್ತಿದ್ದಾರೆ. ಗಾಜು ಹತ್ತು ನಿಮಿಷದಲ್ಲಿ ತಿಳಿಯಾಗುತ್ತದಂತೆ. ಎಡಗಾಲು ಮಾತ್ರ ಇನ್ನೂ ತಣ್ಣಗಿರುತ್ತದಂತೆ. ಭಾನುವಾರ ಫೋನು ಬಂದರೆ ತಂದೆಯವರು ಯೋಗಕ್ಷೇಮಕ್ಕಿಂತ ಮೊದಲು ಕೇಳುವುದು, "ನೀರಿನ ಬಣ್ಣ ಹೇಗಿದೆ?" ಎಂದು.